ಮೂವತ್ತೇಳನೆಯ ಪೆಟ್ಟಿಗೆಯ ಹೂಕೋಲು

ಈ ಅಭಿನಂದನ ಗ್ರಂಥದಲ್ಲಿ ಬರೆಯುವ ಯೋಗ್ಯತೆ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು, ಓದುಗರ ಕ್ಷಮೆ ಕೋರಿ ಆರಂಭಿಸುತ್ತೇನೆ. ಇಲ್ಲಿ ಬರೆದಿರುವ ಉಳಿದವರೆಲ್ಲರೂ ಪ್ರಾಧ್ಯಾಪಕರು, ವಿಜ್ಞಾನಿಗಳು, ನಮ್ಮ ಮೇಡಂ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿ ಈಗ ದೊಡ್ಡ ಹುದ್ದೆಗಳಲ್ಲಿ ಇರುವವರು. ನಾನು ಅವರ ಸಸ್ಯಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಚೀಟಿ ಬರೆಯುವವಳು. ಒಣಗಿಸಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿ, ಬಲಗಡೆಯ ಕೆಳಮೂಲೆಯಲ್ಲಿ ಅದರ ಹೆಸರು, ಸಿಕ್ಕ ಜಾಗ, ತಾರೀಖು, ಜನ ಅದನ್ನು ಯಾವುದಕ್ಕೆ ಬಳಸುತ್ತಾರೆಂಬ ವಿವರ, ಇಷ್ಟನ್ನು ಬರೆಯುವುದು ನನ್ನ ಕೆಲಸ. ಸಂಪಾದಕರು "ನೀವೂ ನಾಲ್ಕು ಮಾತು ಬರೀರಿ" ಎಂದಾಗ ಮೂರು ಸಲ ಬರೆದೆ, ಮೂರು ಸಲವೂ ಹರಿದೆ. ಭಾಷೆ ಸರಿಯಿಲ್ಲವೆಂದು ಹರಿದದ್ದಲ್ಲ, ಅದು ಈಗಲೂ ಸರಿಯಿಲ್ಲ. ಆ ಮೂರರಲ್ಲೂ ನಾನು ಒಂದು ಸಂಗತಿಯನ್ನು ಬಿಟ್ಟು ಬರೆದಿದ್ದೆ.

ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮೇಡಂ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಸುಳ್ಳು ಉತ್ತರ ಕೊಟ್ಟೆ. ಅದು ಸುಳ್ಳೆಂದು ಅವರಿಗೆ ಈವರೆಗೂ ಹೇಳಿಲ್ಲ. ಅದನ್ನು ಮುಚ್ಚಿಟ್ಟು ಅವರ ಗುಣಗಾನ ಮಾಡಿದರೆ, ಚೀಟಿಯಿಲ್ಲದ ಗಿಡವನ್ನು ಹಾಳೆಗೆ ಅಂಟಿಸಿದ ಹಾಗೆ. ನೋಡಲು ಚೆನ್ನ, ಉಪಯೋಗಕ್ಕಿಲ್ಲ.

ಮೇಡಂ ಅವರು ಗೆಡ್ಡೆಯಿಂದ ಹುಟ್ಟಿ ಹೂಬಿಡುವ ಗಿಡಗಳ ಅಧ್ಯಯನದಲ್ಲಿ ಮೂವತ್ತನಾಲ್ಕು ವರ್ಷ ಕಳೆದವರು. ಅವರು ಹೊಸದಾಗಿ ಗುರುತಿಸಿದ ಪ್ರಭೇದಗಳು, ಬರೆದ ಪ್ರಬಂಧಗಳು, ಪಡೆದ ಗೌರವಗಳು ಇವುಗಳ ಪಟ್ಟಿ ಈ ಗ್ರಂಥದ ಕೊನೆಯಲ್ಲಿದೆ; ಅದನ್ನು ಬರೆದುಕೊಟ್ಟವಳು ನಾನೇ ಆದ್ದರಿಂದ ಅದರಲ್ಲಿ ತಪ್ಪಿದ್ದರೆ ನನ್ನದು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಗೆಡ್ಡೆ ಮೇಡಂ ಎನ್ನುತ್ತಿದ್ದರು. ಅದು ಅವರ ಕಿವಿಗೆ ಬಿದ್ದ ದಿನ, ಹೆಸರಿನಲ್ಲಿ ಒಂದು ಶಾಸ್ತ್ರೀಯ ದೋಷವಿದೆ ಎಂದು ತರಗತಿಯಲ್ಲೇ ತಿದ್ದಿದರಂತೆ: ನೆಲದೊಳಗೆ ದಪ್ಪಗಿರುವುದೆಲ್ಲ ಒಂದೇ ಅಲ್ಲ, ಆಲೂಗಡ್ಡೆ ಉಬ್ಬಿದ ಕಾಂಡ, ಗೆಣಸು ಉಬ್ಬಿದ ಬೇರು, ಈರುಳ್ಳಿಯಂಥದ್ದು ಮಾತ್ರ ಇಡೀ ಗಿಡವೇ ಮಡಚಿ ಕೂತ ಒಂದು ಮೊಗ್ಗು. ತಳದಲ್ಲಿ ನಾಣ್ಯದಷ್ಟು ಕಾಂಡ, ಅದರ ಸುತ್ತ ಆಹಾರ ತುಂಬಿಕೊಂಡ ಎಲೆಯ ಬುಡಗಳು, ನಟ್ಟನಡುವೆ ಮುಂದಿನ ವರ್ಷದ ಹೂವು. "ನನ್ನನ್ನ ಬಯ್ಯೋದಾದ್ರೆ ಸರಿಯಾಗಿ ಬಯ್ಯಿರಿ" ಎಂದರಂತೆ.

ನಾನು ಕೆಲಸಕ್ಕೆ ಸೇರಿದ್ದು ಕೈಬರಹದ ದೆಸೆಯಿಂದ. ನನ್ನ ತಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಅಕ್ಷರ ನೆಟ್ಟಗೆ ನಿಲ್ಲಬೇಕು, ದಾರಿಹೋಕನಿಗೆ ಓಡುತ್ತಲೇ ಓದಲು ಬರಬೇಕು ಎಂದು ಚಿಕ್ಕಂದಿನಿಂದ ನನ್ನ ಕೈಹಿಡಿದು ತೀಡಿಸಿದ್ದರು. ಅವರ ಬೆರಳಗಂಟುಗಳು ಊದಿಕೊಂಡು ಕುಂಚ ಹಿಡಿಯಲಾಗದೆ ಹೋದ ವರ್ಷ ನನಗೆ ಈ ಕೆಲಸ ಸಿಕ್ಕಿತು. ಅದೂ ತಾತ್ಕಾಲಿಕ, ಆರಾರು ತಿಂಗಳಿಗೊಮ್ಮೆ ಮುಂದುವರಿಕೆಯ ಪತ್ರ ಬರಬೇಕು. ಪಿಯುಸಿ ಮುಗಿಸಿದ್ದೆ ಅಷ್ಟೆ. ಸಂಜೆ ಕಾಲೇಜಿಗೆ ಸೇರಿಕೊಳ್ಳುವಂತೆ ಮೇಡಂ ಹೇಳಿದರು. ಆರು ಗಂಟೆಗೆ ತರಗತಿ, ಬಸ್ಸಿಗೆ ಐದಕ್ಕೆ ಹೊರಡಬೇಕು, ಕಚೇರಿ ಮುಗಿಯುವುದು ಐದೂವರೆಗೆ. ಆ ಅರ್ಧ ಗಂಟೆಯನ್ನು ನಾನು ಬೆಳಿಗ್ಗೆ ಮೊದಲೇ ಬಂದು ತುಂಬಿಕೊಡುವುದೆಂದು ಅವರು ಮೇಲಿನವರಿಗೆ ಬರೆದು ಒಪ್ಪಿಸಿದರು. ಬೆಳಿಗ್ಗೆ ಬೀಗ ತೆಗೆಯಲು ಯಾರೂ ಇರುವುದಿಲ್ಲವೆಂದು ತಾವೂ ಅರ್ಧ ಗಂಟೆ ಮೊದಲೇ ಬರತೊಡಗಿದರು. ಮೂರು ವರ್ಷ ಹೀಗೆ ಬಂದರು. ಅದು ನನಗಾಗಿ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಬೆಳಗಿನ ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಸಂಜೆ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ನಮ್ಮ ಕಟ್ಟಡದ ಗೇಟಿನ ಎರಡೂ ಪಕ್ಕ ಬಿಳಿ ಹೂವಿನ ದೊಡ್ಡ ಗಿಡಗಳಿವೆ. ಪಟ್ಟಿಯಂಥ ಅಗಲ ಎಲೆ, ಸಂಜೆ ಬಿರಿದು ಪರಿಮಳ ಬೀರುವ, ಉದ್ದುದ್ದ ಎಸಳಿನ ಜೇಡದಂಥ ಹೂವಿನ ಗೊಂಚಲು. ಶಾಸ್ತ್ರದಲ್ಲಿ ಅದು ಕ್ರೈನಮ್; ನಮ್ಮ ತೋಟದ ಮಾಲಿಗೆ ಅದು ಗೇಟ್ ಲಿಲ್ಲಿ. ಅದರ ಬೀಜ ನೆಲ್ಲಿಕಾಯಿ ಗಾತ್ರದ್ದು, ಗಟ್ಟಿ ಸಿಪ್ಪೆಯಿಲ್ಲ, ಮಣ್ಣು ನೀರು ಬೇಕಿಲ್ಲ, ಮೇಜಿನ ಮೇಲಿಟ್ಟರೆ ಅಲ್ಲೇ ಮೊಳೆಯುತ್ತದೆ. ಮೇಡಂ ಅದನ್ನು ಕಾಗದ ಹಾರದಂತೆ ಭಾರಕ್ಕೆ ಇಡುತ್ತಿದ್ದರು. ಒಂದು ವಾರ ಬಿಟ್ಟು ನೋಡಿದರೆ ಸುತ್ತೋಲೆಯ ಮೇಲೆ ಬೇರು ಇಳಿದಿರುತ್ತಿತ್ತು. "ಸರ್ಕಾರಿ ಕಾಗದದ ಮೇಲೆ ಬೆಳೆದ ಒಂದೇ ವಸ್ತು" ಎಂದು ತೋರಿಸುತ್ತಿದ್ದರು.

ಆ ಗಿಡದ ಎಲೆಗೆ ಎಣ್ಣೆ ಸವರಿ ಬೆಚ್ಚಗೆ ಮಾಡಿ ಊದಿದ ಕೀಲಿಗೆ ಕಟ್ಟುವ ರೂಢಿ ಹಲವು ಕಡೆ ಇದೆ. ಮೇಡಂ ಹೇಳಿದರೆಂದು ನಾನೂ ತಂದೆಯ ಬೆರಳಿಗೆ ಕಟ್ಟಿದೆ. ಅವರಿಗೆ ಹಿತವಾಯಿತು. ಮಾರನೆಯ ದಿನ ಸಂಭ್ರಮದಿಂದ ಬಂದು ಹೇಳಿದಾಗ ಮೇಡಂ ಸಂತೋಷಪಟ್ಟರು, ಆಮೇಲೆ ಮೆಲ್ಲಗೆ, "ಎಲೆಯಿಂದ ಆಯ್ತೋ, ಬಿಸಿಯಿಂದ ಆಯ್ತೋ, ಮಗಳು ಪಕ್ಕದಲ್ಲಿ ಕೂತು ಕಟ್ಟಿದ್ದಕ್ಕೆ ಆಯ್ತೋ, ಅದು ನಮಗೆ ಗೊತ್ತಿಲ್ಲ ಅಲ್ವಾ?" ಎಂದರು. ಗೊತ್ತಿಲ್ಲ ಎಂಬ ಮಾತನ್ನು ಓದಿದವರೊಬ್ಬರು ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನಾದರೋ ಆ ಮಾತಿಗೆ ಹೆದರಿ ಬೆಳೆದವಳು. ಗೊತ್ತಿಲ್ಲವೆಂದರೆ ಕೆಲಸ ಹೋಗುತ್ತದೆ ಎಂಬುದು ನನ್ನ ಲೆಕ್ಕ.

ಈಗ ಆ ಸಂಗತಿಗೆ ಬರುತ್ತೇನೆ.

ನನ್ನ ನಾಲ್ಕನೆಯ ವರ್ಷ, ಮಳೆಗಾಲದ ಕೊನೆ. ಗಿಡಮೂಲಿಕೆ ಬಲ್ಲ ಒಬ್ಬ ಅಜ್ಜಿಯ ಹತ್ತಿರ ಮೇಡಂ ವರ್ಷಗಟ್ಟಲೆ ಹೋಗಿಬಂದು ಅವರ ತಿಳಿವಳಿಕೆಯನ್ನು ಬರೆದುಕೊಳ್ಳುತ್ತಿದ್ದರು. ಆ ಸಲ ಅಜ್ಜಿ ಬುಟ್ಟಿಯಿಂದ ಎರಡು ಬಗೆಯ ಗೆಡ್ಡೆ ತೆಗೆದುಕೊಟ್ಟರು, ಪ್ರತಿಯೊಂದರಲ್ಲೂ ಎರಡೆರಡು. ಹೂವಿಲ್ಲ, ಎಲೆ ಒಣಗಿ ಉದುರಿದೆ, ಎರಡೂ ನೋಡಲು ಈರುಳ್ಳಿಯಂತೆ. ಮೇಡಂ ಒಂದು ಬಗೆಗೆ ಮೂವತ್ತೇಳು, ಇನ್ನೊಂದಕ್ಕೆ ಮೂವತ್ತೆಂಟು ಎಂದು ನಾಲ್ಕು ಗೆಡ್ಡೆಗಳಿಗೂ ಬಟ್ಟೆಯ ಚೀಟಿ ಕಟ್ಟಿದರು. ಮೂವತ್ತೇಳರ ಎದುರು ಪುಸ್ತಕದಲ್ಲಿ ಬರೆದುಕೊಂಡದ್ದು: ಬೂದಿಯಲ್ಲಿ ಸುಟ್ಟು, ಚಿಟಿಕೆಯಷ್ಟು, ಹಳೆಯ ಕೆಮ್ಮಿಗೆ. ಮೂವತ್ತೆಂಟರ ಎದುರು: ಹೊರಗೆ ಕಟ್ಟಲು ಮಾತ್ರ, ಹೊಟ್ಟೆಗೆ ಕೂಡದು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಒಂದು ಗೆಡ್ಡೆಯನ್ನು ಕುಂಡದಲ್ಲಿ ನೆಡುವುದು, ಬೆಳೆದ ಮೇಲೆ ಯಾವ ಗಿಡವೆಂದು ಗುರುತಿಸಲು. ಇನ್ನೊಂದನ್ನು ಕುದಿನೀರಿನಲ್ಲಿ ಅದ್ದಿ, ಒಣಗಿಸಿ, ಚೀಟಿಯೊಂದಿಗೆ ಪೆಟ್ಟಿಗೆಯಲ್ಲಿಡುವುದು. ಕುದಿನೀರು ಏಕೆಂದರೆ ಈ ಜಾತಿಯವು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಹಾಗೇ ಇಟ್ಟರೆ ಬೀರುವಿನೊಳಗೇ ಚಿಗುರುತ್ತವೆ. ಎಲ್ಲಕ್ಕಿಂತ ದೊಡ್ಡ ನಿಯಮ: ಚೀಟಿಯ ದಾರವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. "ನೆನಪು ಸುಳ್ಳು ಹೇಳುತ್ತೆ, ದಾರ ಹೇಳಲ್ಲ" ಎಂಬುದು ಮೇಡಂ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿದ್ದ ಮಾತು.

ಮರುದಿನ ಮೇಡಂ ಜ್ವರದಿಂದ ಬರಲಿಲ್ಲ. ನನಗೆ ಆ ಸಂಜೆ ಪರೀಕ್ಷೆ. ಪೆಟ್ಟಿಗೆಗೆ ಹೋಗಬೇಕಾದ ಎರಡು ಗೆಡ್ಡೆಗಳನ್ನು, ಬಗೆಗೊಂದರಂತೆ, ಬೆಳಿಗ್ಗೆಯೇ ಒರೆಸಿಟ್ಟಿದ್ದೆ, ಚೀಟಿ ಹಾಗೇ ಇತ್ತು. ನೀರು ಕುದಿಯಲು ಹೊತ್ತು ಹಿಡಿಯುತ್ತದೆಂದು ಅದ್ದದೆಯೇ ಪೆಟ್ಟಿಗೆಗೆ ಹಾಕಿ, ಪುಸ್ತಕದಲ್ಲಿ 'ಕುದಿನೀರು' ಎಂಬ ಕಾಲಮಿನಲ್ಲಿ ಗುರುತು ಹಾಕಿದೆ. ಕುಂಡಕ್ಕೆ ಹೋಗಬೇಕಾದ ಎರಡಕ್ಕೆ ಮಣ್ಣು ಮೆತ್ತಿತ್ತು. ಚೀಟಿ ನೆನೆದು ಅಕ್ಷರ ಕದಡೀತೆಂದು ದಾರ ಬಿಚ್ಚಿ, ಎರಡೂ ಚೀಟಿಗಳನ್ನು ತೊಟ್ಟಿಯ ಅಂಚಿನಲ್ಲಿ ಸಾಲಾಗಿ ಇಟ್ಟು, ಗೆಡ್ಡೆಗಳನ್ನು ಒಂದೇ ಬೋಗುಣಿಯಲ್ಲಿ ತೊಳೆದೆ. ಒರೆಸಿ ಕೈಗೆತ್ತಿಕೊಂಡಾಗ ಎಡಗೈಯದು ಯಾವುದು, ಬಲಗೈಯದು ಯಾವುದು ಎಂದು ತಿಳಿಯಲಿಲ್ಲ. ಗಂಟೆ ಐದಕ್ಕೆ ಹತ್ತು ನಿಮಿಷ. ಸ್ವಲ್ಪ ದಪ್ಪಗಿದ್ದದ್ದು ಮೂವತ್ತೇಳು ಇರಬೇಕು ಎಂದುಕೊಂಡು ಕಟ್ಟಿದೆ. ಮಾಲಿ ಎರಡನ್ನೂ ನೆಟ್ಟ. ನಾನು ಬಸ್ಸು ಹಿಡಿದೆ. ಆ ಪರೀಕ್ಷೆಯಲ್ಲಿ ಪಾಸಾದೆ ಕೂಡ.

ಮೂವತ್ತೇಳನೆಯ ಕುಂಡದಲ್ಲಿ ಕೆಲವು ವಾರಗಳಲ್ಲಿ ಅಗಲವಾದ ಎಲೆ ಬಂತು. ಸಂದೇಹವೇ ಇಲ್ಲ, ಕ್ರೈನಮ್. ಮೂವತ್ತೆಂಟಕ್ಕೆ ಮಾಲಿ ಪ್ರೀತಿಯಿಂದ ಎರಡು ಹೊತ್ತು ನೀರು ಹಾಕಿ ಕೊಳೆಯಿಸಿದ. ಕುಂಡದ ಮುಂದೆ ನಿಂತು ಮೇಡಂ ಬಹಳ ಹೊತ್ತು ಯೋಚಿಸಿದರು. ಗೇಟ್ ಲಿಲ್ಲಿಯ ಗೆಡ್ಡೆ ತಿಂದರೆ ವಾಂತಿಯಾಗುತ್ತದೆ, ಹೆಚ್ಚಾದರೆ ಅಪಾಯ. ಅಜ್ಜಿ ಅದನ್ನು ಕೆಮ್ಮಿಗೆ ಕೊಡುತ್ತಾರೆಯೆ? ಕೆಮ್ಮಿಗೆಂದು ತೋರಿಸಿದ್ದು ಬೇರೆಯದಾಗಿತ್ತು ಎಂದು ಅವರಿಗೆ ನೆನಪು. ಅವರು ಒಳಗೆ ಬಂದು ನನ್ನ ಮೇಜಿನ ಪಕ್ಕ ನಿಂತು ಕೇಳಿದರು: "ಮೂವತ್ತೇಳರ ಚೀಟಿ ಸರಿಯಾಗಿದೆ ಅಲ್ವಾ ಅಮ್ಮ? ದಾರ ಬಿಚ್ಚಿರಲಿಲ್ಲ ತಾನೆ?"

ನನ್ನ ಮುಂದುವರಿಕೆಯ ಪತ್ರ ಆ ವಾರ ಬರಬೇಕಿತ್ತು. "ಇಲ್ಲ ಮೇಡಂ, ಸರಿಯಾಗಿದೆ" ಎಂದೆ.

ಅವರು ತಲೆಯಾಡಿಸಿ ಹೋದರು. ತಮ್ಮ ನೆನಪಿಗಿಂತ ದಾರವನ್ನು ನಂಬಿದರು, ಅಂದರೆ ನನ್ನನ್ನು.

ನಾಲ್ಕು ತಿಂಗಳಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೂ ಶಾಲೆಗಳಿಗೂ ಹಂಚಲು ನಮ್ಮ ವಿಭಾಗದಿಂದ ಒಂದು ಪುಸ್ತಿಕೆ ಅಚ್ಚಾಯಿತು. ಸುತ್ತಮುತ್ತ ಸಿಗುವ ಗಿಡಗಳ ಚಿತ್ರ, ಜನ ಹೇಳಿದ ಉಪಯೋಗ. ಅದರಲ್ಲಿ ಗೇಟ್ ಲಿಲ್ಲಿಯ ಅಂದವಾದ ಚಿತ್ರದ ಕೆಳಗೆ, ಗೆಡ್ಡೆಯನ್ನು ಸುಟ್ಟು ಚಿಟಿಕೆಯಷ್ಟು ಕೆಮ್ಮಿಗೆ ಕೊಡುವರು ಎಂದಿತ್ತು. ಗಿಡ ಗುರುತಾಗಲಿಲ್ಲವೆಂದು ಮೂವತ್ತೆಂಟನ್ನು ಬಿಟ್ಟಿದ್ದರು. ಹೊಟ್ಟೆಗೆ ಕೂಡದು ಎಂಬ ಅಜ್ಜಿಯ ಎಚ್ಚರಿಕೆಯೂ ಅದರ ಜೊತೆಗೇ ಬಿಟ್ಟುಹೋಯಿತು.

ಬೇಸಿಗೆಯ ಒಂದು ಬೆಳಿಗ್ಗೆ ನುಸಿಗುಳಿಗೆ ಹಾಕಲೆಂದು ನಾನು ಬೀರು ತೆರೆದೆ. ಮೂವತ್ತೇಳನೆಯ ಪೆಟ್ಟಿಗೆಯ ಮುಚ್ಚಳ ಎದ್ದುನಿಂತಿತ್ತು. ಒಳಗಿನಿಂದ ಗೇಣುದ್ದಕ್ಕೂ ಮಿಕ್ಕ ಒಂದು ಬಿಳಿಚಿದ ಕೋಲು ಹೊರಬಂದು, ಮೇಲಿನ ಹಲಗೆಗೆ ತಾಗಿ, ಬಾಗಿ, ಬೆಳಕಿನ ಸಂದಿನ ಕಡೆ ತಿರುಗಿತ್ತು. ತುದಿಯಲ್ಲಿ ಸಣ್ಣ ಸಣ್ಣ ಮೊಗ್ಗು. ಒಂದೇ ಒಂದು ಎಲೆಯಿಲ್ಲ. ಮಣ್ಣಿಲ್ಲ, ನೀರಿಲ್ಲ, ಹೂಬಿಡಲು ಹೊರಟಿದೆ. ಹೀಗೆ ಎಲೆಗಿಂತ ಮೊದಲು, ಬರಿಗೆಡ್ಡೆಯಿಂದ ಹೂಕೋಲು ಎತ್ತುವುದು ಕಾಡು ಈರುಳ್ಳಿ. ಬೆಳಗಿನ ಅರ್ಧ ಗಂಟೆಯಲ್ಲಿ ಅದನ್ನು ನನಗೆ ಕಲಿಸಿದವರು ಮೇಡಂ ಅವರೇ.

ಪೆಟ್ಟಿಗೆಯ ಚೀಟಿಯನ್ನು ನಾನು ಬಿಚ್ಚಿರಲಿಲ್ಲ. ಆದ್ದರಿಂದ ಕೆಮ್ಮಿನ ಮೂವತ್ತೇಳು ಇದೇ. ಹಾಗಾದರೆ ಕುಂಡದ್ದು ಮೂವತ್ತೆಂಟು. ಕುದಿನೀರಿನ ಸುಳ್ಳು ಗುರುತು ಚೀಟಿಯ ಸುಳ್ಳನ್ನು ಹಿಡಿದುಕೊಟ್ಟಿತ್ತು. ಅದ್ದಿದ್ದರೆ ಆ ಗೆಡ್ಡೆ ಸತ್ತು, ನನ್ನ ತಪ್ಪು ಯಾರಿಗೂ ಗೊತ್ತಾಗದೆ ಪುಸ್ತಿಕೆಯಲ್ಲಿ ಹಾಗೇ ಬದುಕುತ್ತಿತ್ತು.

ಕೋಲನ್ನು ಮುರಿದು ಕಿಟಕಿಯಾಚೆ ಎಸೆಯಬಹುದು ಎಂಬ ಯೋಚನೆ ನನಗೆ ಬರಲಿಲ್ಲವೆಂದು ಬರೆದರೆ ಅದೂ ಸುಳ್ಳಾಗುತ್ತದೆ. ಬಂತು. ಕೈ ಕೂಡ ಹೋಯಿತು. ಅಷ್ಟರಲ್ಲಿ ಕಿಟಕಿಯಾಚೆ ಮಾಲಿ ಗೇಟ್ ಲಿಲ್ಲಿಗೆ ನೀರು ಹಾಕುತ್ತ, "ಏನ್ ಲೇಬಲಮ್ಮ, ಭೂತ ಕಂಡೋರ ಹಂಗೆ ನಿಂತಿದೀಯ?" ಎಂದ. ಆ ಗಿಡ ನಮ್ಮ ಗೇಟಿನಲ್ಲಿ ಮಾತ್ರವಲ್ಲ, ಶಾಲೆಯ ಅಂಗಳದಲ್ಲಿ, ಆಸ್ಪತ್ರೆಯ ಮುಂದೆ, ಮನೆಮನೆಯ ನಲ್ಲಿಯ ಪಕ್ಕ, ಎಲ್ಲೆಲ್ಲೂ ಇದೆಯೆಂಬುದು ಆಗ ಹೊಳೆಯಿತು. ಪೆಟ್ಟಿಗೆಯನ್ನು ಹೂಕೋಲಿನ ಸಮೇತ ಎರಡೂ ಕೈಯಲ್ಲಿ ಹಿಡಿದು ಮೇಡಂ ಮೇಜಿನ ಮೇಲಿಟ್ಟೆ. ಬಾಯಿಂದ ಬಂದದ್ದು "ಮೂವತ್ತೇಳು ಮೇಡಂ" ಎಂಬುದಷ್ಟೇ.

ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮೊಗ್ಗನ್ನು ಬೆರಳಿನಿಂದ ಮುಟ್ಟಿದರು. ನಾನು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ: "ಪುಸ್ತಿಕೆ ಎಷ್ಟು ಹೊರಗೆ ಹೋಗಿದೆ, ನೋಡಮ್ಮ."

ಮುನ್ನೂರರಲ್ಲಿ ಇನ್ನೂರ ಆರು ಹೋಗಿದ್ದವು. ಅದೇ ದಿನ ಮೇಡಂ ಮೇಲಿನವರಿಗೆ ಪತ್ರ ಬರೆದರು. ಚೀಟಿಗಳ ಹೊಣೆ ನನ್ನದು, ತಪ್ಪು ನನ್ನದು ಎಂದು ಎಲ್ಲವನ್ನೂ ತಮ್ಮ ಮೇಲೇ ಹಾಕಿಕೊಂಡಿದ್ದರು. ಅದನ್ನು ಅಂದವಾಗಿ ಪ್ರತಿಮಾಡಿದವಳು ನಾನು. ಪುಸ್ತಿಕೆ ಹೋದ ವಿಳಾಸಗಳಿಗೆಲ್ಲ ಇನ್ನೂರ ಆರು ಕಾರ್ಡು ಬರೆದೆವು, ಅರ್ಧ ಅವರು, ಅರ್ಧ ನಾನು. ಉತ್ತರ ಬಾರದ ಕಡೆಗೆ ಶನಿವಾರ ಭಾನುವಾರ ಬಸ್ಸಿನಲ್ಲಿ ಇಬ್ಬರೂ ಹೋದೆವು. ಅವರಿಗೆ ಆಗ ಮಂಡಿನೋವು ಶುರುವಾಗಿತ್ತು. ಹೋದಲ್ಲೆಲ್ಲ ಪುಸ್ತಿಕೆ ವಾಪಸು ಪಡೆದು, ಅದನ್ನು ಯಾರಿಗಾದರೂ ಓದಿಹೇಳಿದ್ದೀರಾ ಎಂದು ಕೇಳುತ್ತಿದ್ದರು. ಹೆಚ್ಚಿನವರು ತೆರೆದೇ ಇರಲಿಲ್ಲ. ಜನ ಓದುವುದಿಲ್ಲವೆಂದು ಒಬ್ಬ ಲೇಖಕಿ ಅಷ್ಟು ಸಮಾಧಾನಪಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಬ್ಬ ಆರೋಗ್ಯ ಕಾರ್ಯಕರ್ತೆ ಮಾತ್ರ ಓದಿದ್ದಳು, ಒಂದು ಮನೆಗೆ ಹೇಳಿಯೂ ಇದ್ದಳು. ಆ ಮನೆ ಒಂದು ಓಣಿಯ ಕೊನೆಯಲ್ಲಿ. ನಲ್ಲಿಯ ಪಕ್ಕ ಗೇಟ್ ಲಿಲ್ಲಿ. ಅದರ ಬುಡ ಅಗೆದ ಗುರುತು ನನಗೆ ಮೊದಲು ಕಂಡಿತು. ಒಳಗೆ ಸೊಸೆ ಹೊಲಿಗೆ ಯಂತ್ರದ ಮುಂದೆ, ಅತ್ತೆ ಗೋಡೆಗೊರಗಿ. ಅತ್ತೆ ಶಾಲೆಯೊಂದರಲ್ಲಿ ಗಂಟೆ ಬಾರಿಸುವ ಕೆಲಸ ಮಾಡಿ ನಿವೃತ್ತರಾದವರಂತೆ. ದನಿ ಹಾಗೇ ಇತ್ತು. ಮೇಡಂ ವಿಷಯ ಹೇಳುವ ಮೊದಲೇ ಅವರು ಶುರುಮಾಡಿದರು.

"ಆ ಗೆಡ್ಡೆ ಔಷಧಿಯೋರಾ? ಬನ್ನಿ ಬನ್ನಿ. ತಿಂದು ಅರ್ಧ ಗಂಟೆಗೆ ಹುಟ್ಟಿದಾಗ ಕುಡಿದ ಹಾಲೂ ಹೊರಗೆ ಬಂತು ಕಣಮ್ಮ. ಆದ್ರೆ ಕೆಮ್ಮು ನೋಡಿ, ಹೆದರಿ ಓಡೋಯ್ತು. ಇನ್ನೊಂದು ಚೂರು ತಿನ್ನೋಣ ಅಂದ್ರೆ ಇವಳು ಬಿಡಲ್ಲ."

"ಸುಮ್ನಿರಿ ಅತ್ತೆ. ಎರಡು ದಿನ ಬಕೆಟ್ ಹೊತ್ತೋಳು ನಾನು" ಎಂದಳು ಸೊಸೆ, ಯಂತ್ರ ನಿಲ್ಲಿಸದೆ.

ನನಗೆ ನಗು ಬರುವುದರಲ್ಲಿತ್ತು. ಆಗ ಸೊಸೆ ಯಂತ್ರ ನಿಲ್ಲಿಸಿದಳು. ತೊಟ್ಟಿಲಿನ ಕಡೆ ನೋಡಿ ಹೇಳಿದಳು: "ಮಗೂಗೂ ಕೆಮ್ಮಿತ್ತು. ಎರಡು ಚೂರು ಮಾಡಿ ಇಟ್ಟಿದ್ದೆ. ಇವರೇ, ತಡಿ, ಮೊದ್ಲು ನಾನು ತಿಂದು ನೋಡ್ತೀನಿ, ನಂದೇನು ವಯಸ್ಸಾಗಿದೆ, ಅಂದ್ರು."

ಮೇಡಂ ಕುರ್ಚಿಯಿಂದ ಎದ್ದು, ಮಂಡಿ ನೋಯುತ್ತಿದ್ದರೂ ಆ ಹಿರಿಯರ ಪಕ್ಕ ನೆಲದ ಮೇಲೆ ಕೂತರು. "ಪುಸ್ತಕದಲ್ಲಿ ಬರೆದಿದ್ದು ತಪ್ಪು. ಅದನ್ನ ಯಾರೂ ತಿನ್ನಬಾರದು. ನಿಮಗೆ ಆಗಿದ್ದಕ್ಕೆಲ್ಲ ನಾವೇ ಕಾರಣ. ಕ್ಷಮಿಸಿ ಅಂತ ಕೇಳೋಕೆ ಬಂದಿದೀನಿ" ಎಂದರು.

ಅತ್ತೆ, "ಇಷ್ಟು ದೂರ ಬಂದು ಒಪ್ಕೊಂಡ್ರಲ್ಲ, ಬಿಡಿ. ನಮ್ಮನೇಲಿ ಹಾಲು ಉಕ್ಕಿ ಒಲೆ ಆರಿದ್ರೂ ಯಾರೂ ಒಪ್ಕೊಳಲ್ಲ" ಎಂದರು. ಸೊಸೆ, "ಯಾರಿಗೆ ಹೇಳ್ತಿರೋದು ಅಂತ ಗೊತ್ತಾಯ್ತು" ಎಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಉಳಿದ ಇನ್ನೊಂದು ಚೂರು ಕಪಾಟಿನಲ್ಲಿ ಬೆಂಕಿಪೊಟ್ಟಣದೊಳಗಿತ್ತು. ಮೇಡಂ ಅದನ್ನು ಕೇಳಿ ಪಡೆದು, ಬಸ್ಸಿನಲ್ಲಿ ನನ್ನ ಕೈಗೆ ಕೊಟ್ಟು, "ಇದಕ್ಕೊಂದು ಚೀಟಿ ಬರಿ" ಎಂದರು. ಉಪಯೋಗದ ಎದುರು ಏನು ಬರೆಯಲಿ ಎಂದು ಕೇಳಿದೆ. "ಇದ್ದದ್ದನ್ನ ಬರಿ." ನಾನು ಬರೆದೆ: ಮಗುವಿಗೆಂದು ಇಟ್ಟದ್ದು. ಕೊಡಲಿಲ್ಲ. ಅಕ್ಷರ ಸೊಟ್ಟಗಾಯಿತು. ಬಸ್ಸಿನ ಕುಲುಕಾಟವೆಂದು ಅವರು ಭಾವಿಸಿರಬೇಕು. ಆಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕಂಡಕ್ಟರ್ ಬಂದು ಟಿಕೆಟ್ ಎಂದ. ಅವನು ಹೋದ ಮೇಲೂ ಅರ್ಧ ದಾರಿ ಉಳಿದಿತ್ತು. ನಾನು ಹೇಳಲಿಲ್ಲ. ಆ ಪೊಟ್ಟಣ, ಆ ಸೊಟ್ಟ ಚೀಟಿ, ಈಗಲೂ ನಮ್ಮ ಬೀರುವಿನಲ್ಲಿ ಮೂವತ್ತೆಂಟರ ಪಕ್ಕದಲ್ಲಿವೆ.

ಕೊನೆಗೆ ಮೇಡಂ ಎರಡು ಗೆಡ್ಡೆಗಳನ್ನೂ ತೆಗೆದುಕೊಂಡು ಅಜ್ಜಿಯ ಬಳಿ ಹೋದರು, ಮತ್ತೊಮ್ಮೆ ಕೇಳಲು. ಅಜ್ಜಿ ಒಂದೊಂದನ್ನೇ ಉಗುರಿನಿಂದ ಗೀರಿ ಮೂಸಿದರು. "ಇದು ಕೆಮ್ಮಿಂದು, ಅದೂ ಅಳತೆ ಗೊತ್ತಿದ್ದೋರು ಕೊಡ್ಬೇಕು. ಇದು ಬಾಗಿಲಾಚೆದು, ಒಳಗೆ ಬರ್ಬಾರ್ದು ಅಂತ ಅವತ್ತೇ ಹೇಳಿದ್ನಲ್ಲ. ನಿಮ್ಮ ಕಾಲೇಜಲ್ಲಿ ಮೂಗು ಇಟ್ಕೊಂಡಿಲ್ವಾ?" ಎಂದರು. ಮೇಡಂ ಆ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಮರುಮುದ್ರಣದ ಪುಸ್ತಿಕೆಯಲ್ಲಿ ಯಾವ ಗಿಡದ ಎದುರೂ ಅಳತೆ ಬರೆಯಲಿಲ್ಲ. ಹೊಟ್ಟೆಗೆ ಕೂಡದು ಎಂಬುದು ಮಾತ್ರ ದಪ್ಪ ಅಕ್ಷರದಲ್ಲಿ ಬಂತು. ಅಜ್ಜಿಯ ತಿಳಿವಳಿಕೆಯಲ್ಲಿ ತಪ್ಪಿರಲಿಲ್ಲ, ತಪ್ಪು ನಮ್ಮ ದಾರದಲ್ಲಿತ್ತು ಎಂದು ಮುನ್ನುಡಿಯಲ್ಲಿ ಬರೆದರು.

ಅದಾದ ಮೇಲೆ ನಮ್ಮ ಚೀಟಿಗಳಲ್ಲಿ ಮೇಡಂ ಒಂದು ಹೊಸ ಸಾಲು ಸೇರಿಸಿದರು. ಹೆಸರು, ಜಾಗ, ತಾರೀಖು, ಉಪಯೋಗ ಎಂಬ ನಾಲ್ಕರ ಕೆಳಗೆ ಐದನೆಯದು: ಗೊತ್ತಿಲ್ಲದ್ದು. ಅದನ್ನು ಖಾಲಿ ಬಿಡುವ ಹಾಗಿಲ್ಲ. ಹೊರಗಿನಿಂದ ಬಂದ ತಜ್ಞರೊಬ್ಬರು, ಸಂಸ್ಥೆಯ ಮರ್ಯಾದೆ ಏನಾಗಬೇಕು ಎಂದು ಆಕ್ಷೇಪಿಸಿದಾಗ, ಮರ್ಯಾದೆಗೂ ಒಂದು ಸಾಲು ಬೇಕಾದರೆ ಕೊಡೋಣ, ಇದನ್ನು ತೆಗೆಯುವುದಿಲ್ಲ ಎಂದರು. ಆ ಸಾಲನ್ನು ನಾನು ಈವರೆಗೆ ಸುಮಾರು ಹತ್ತು ಸಾವಿರ ಸಲ ಬರೆದಿದ್ದೇನೆ. ಬರೆಯುತ್ತ ಬರೆಯುತ್ತ ಆ ಮಾತಿನ ಭಯ ಹೋಯಿತು. ಒಂದು ಜಾಗದಲ್ಲಿ ಮಾತ್ರ ಹೋಗಲಿಲ್ಲ.

ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು. ಮೇಡಂ ಶಿಫಾರಸಿನಲ್ಲಿ, ತಪ್ಪನ್ನು ಮುಚ್ಚಿಡದೆ ತಾವಾಗಿಯೇ ತಂದು ತೋರಿಸಿದವರು ಎಂದು ನನ್ನ ಬಗ್ಗೆ ಒಂದು ವಾಕ್ಯವಿತ್ತು. ಅದನ್ನು ಓದಿ ನನಗೆ ಅನ್ನಿಸಿದ್ದನ್ನು ಬರೆಯಲು ನನ್ನ ಸಂಜೆ ಕಾಲೇಜಿನ ಕನ್ನಡ ಸಾಲದು. ಆ ವಾಕ್ಯ ಅರ್ಧ ನಿಜ. ಉಳಿದ ಅರ್ಧವನ್ನು ನಿಜ ಮಾಡಲು ನಾನು ಇಪ್ಪತ್ತೆರಡು ವರ್ಷ ತೆಗೆದುಕೊಂಡೆ. ದಾರವನ್ನು ಬಿಚ್ಚಿದ್ದು ನಾನು, ಮೇಡಂ. ನೀವು ಕೇಳಿದಾಗ ಇಲ್ಲವೆಂದದ್ದೂ ನಾನೇ.

ಮುಂದಿನ ವರ್ಷಗಳ ಉಪಕಾರಗಳನ್ನು ಬರೆಯುತ್ತ ಹೋದರೆ ಪುಟ ಮೀರುತ್ತದೆ. ನನ್ನ ತಂದೆ ತೀರಿಕೊಂಡ ವಾರ ನನ್ನ ಪಾಲಿನ ಚೀಟಿಗಳನ್ನು ಅವರು ತಮ್ಮ ಕೋಳಿಕಾಲಿನ ಅಕ್ಷರದಲ್ಲಿ ಬರೆದರು. ಅವನ್ನು ಮತ್ತೆ ಬರೆಯಬೇಕಾಯಿತು, ಆದರೂ ಮೂಲವನ್ನು ನಾನು ಎಸೆದಿಲ್ಲ. ಪದವಿ ಮುಗಿದಾಗ ತಮ್ಮ ಹಳೆಯ ಭೂತಗನ್ನಡಿಯನ್ನು ಕೊಟ್ಟರು. ಮಾಲಿ ನಿವೃತ್ತನಾದಾಗ, ನೀರು ಹೆಚ್ಚು ಹಾಕಿದ್ದು ಪ್ರೀತಿಗೆ, ಅದನ್ನು ತಪ್ಪೆಂದು ಬರೆಯಕೂಡದು ಎಂದು ಭಾಷಣದಲ್ಲಿ ಹೇಳಿದರು.

ಈಗ ಅವರೇ ನಿವೃತ್ತರಾಗುತ್ತಿದ್ದಾರೆ. ಮನೆಯ ಅಂಗಳದಲ್ಲಿ ಕುಂಡಗಳಿವೆ, ಅರ್ಧ ಬರೆದ ಗ್ರಂಥವಿದೆ, ಮಂಡಿನೋವಿದೆ. ಮೊದಲೆರಡು ಅವರನ್ನು ಬಹುಕಾಲ ಕಾಯಲಿ, ಮೂರನೆಯದು ತಾನಾಗಿ ಬಿಟ್ಟುಹೋಗಲಿ. ಎಲೆ ಉದುರಿದ ಕಾಲದಲ್ಲಿ ಹೂವೆತ್ತುವ ಗಿಡವನ್ನು ಜೀವಮಾನವಿಡೀ ಓದಿದವರಿಗೆ, ಇನ್ನು ನಿಮ್ಮ ಕೆಲಸ ಮುಗಿಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಬಂದು ಬೀಗ ತೆಗೆಯುವ ಕೆಲಸವನ್ನು ನಾನು ಮುಂದುವರಿಸುತ್ತೇನೆ. ಈಗ ನಮ್ಮಲ್ಲೊಬ್ಬಳು ಸಂಜೆ ಕಾಲೇಜಿಗೆ ಹೋಗುತ್ತಾಳೆ.

ಕಳೆದ ತಿಂಗಳು ಅವರ ಕೋಣೆ ತೆರವು ಮಾಡುವಾಗ ಆ ವರ್ಷದ ಟಿಪ್ಪಣಿ ಪುಸ್ತಕ ಸಿಕ್ಕಿತು. ಮೂವತ್ತೇಳರ ಎದುರು, ಅಂಚಿನಲ್ಲಿ, ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಅದರ ಕೆಳಗಿನ ತಾರೀಖು ಹೂಕೋಲು ಕಂಡ ದಿನದ್ದಲ್ಲ. ಅವರು ನನ್ನ ಮೇಜಿನ ಪಕ್ಕ ನಿಂತು ಕೇಳಿದ ದಿನದ್ದು.

ಆದ್ದರಿಂದ ಈ ಲೇಖನಕ್ಕೂ ಐದನೆಯ ಸಾಲನ್ನು ತುಂಬಿ ಮುಗಿಸುತ್ತೇನೆ.

ಗೊತ್ತಿಲ್ಲದ್ದು: ಇನ್ನೂರ ಆರರಲ್ಲಿ ಹನ್ನೊಂದು ಪುಸ್ತಿಕೆಗಳು ನಮಗೆ ಮರಳಿ ಸಿಗಲಿಲ್ಲ, ಅವು ಯಾರ ಮನೆಯಲ್ಲಿವೆಯೋ, ಯಾರಾದರೂ ಓದಿದರೋ ಗೊತ್ತಿಲ್ಲ. ಆ ಮಧ್ಯಾಹ್ನ ಮೇಡಂ ನನ್ನ ಉತ್ತರವನ್ನು ನಂಬಿದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.